ದುಡ್ಡು ಕೊಟ್ಟ ಮೇಲೆ ತನಿಖೆಗೆ ಬಂದರೆ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "2018ರಿಂದ ಒಂದು ವರ್ಷವೂ ತಪ್ಪಿಸದೆ ಆರೋಗ್ಯ ವಿಮೆ ಕಟ್ಟಿದ್ದೇವೆ. ವಿಮಾ ಮೊತ್ತ ಮೊದಲು 3 ಲಕ್ಷ ಇತ್ತು, 2023ರಲ್ಲಿ 5 ಲಕ್ಷ ಮಾಡಿಸಿದೆವು. ಕಳೆದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿಸಿದಾಗ 2.30 ಲಕ್ಷ ಕ್ಯಾಶ್‌ಲೆಸ್ ಆಯಿತು, ಅಂದರೆ ಕಂಪನಿಯೇ ಆಸ್ಪತ್ರೆಗೆ ಕಟ್ಟಿತು. ಈಗ ಕಂಪನಿಯ ಕಡೆಯಿಂದ ಒಬ್ಬರು ಬಂದು, ಹಳೆ ಬಿಪಿ ಮುಚ್ಚಿಟ್ಟಿದ್ದೀರಿ, ಈ ಹೇಳಿಕೆಗೆ ಸಹಿ ಹಾಕಿ, ಇಲ್ಲದಿದ್ದರೆ ದುಡ್ಡು ವಾಪಸ್ ಕಟ್ಟಬೇಕು ಅಂತಾರೆ. ಏನು ಮಾಡಲಿ?"

ಮೊದಲು ಸಹಿಯ ವಿಷಯ. ಹಾಕಬೇಡಿ. ಬಂದವರು ತಾವೇ ಇಂಗ್ಲಿಷಿನಲ್ಲಿ ಬರೆದು "ಸುಮ್ನೆ ಫಾರ್ಮಾಲಿಟಿ" ಅಂದ ಕಾಗದವೇ ನಾಳೆ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅವರ ಗುರುತಿನ ಚೀಟಿ ಮತ್ತು ಕಂಪನಿಯ ನೇಮಕ ಪತ್ರ ನೋಡಿ. ಪ್ರಶ್ನೆಗಳನ್ನು ಇಮೇಲಿನಲ್ಲಿ ಕಳಿಸಿ ಅನ್ನಿ, ಉತ್ತರವನ್ನೂ ಇಮೇಲಿನಲ್ಲೇ ಕೊಡಿ. ದಾಖಲೆಗಳ ಜೆರಾಕ್ಸ್ ಕೊಡಿ, ಮೂಲ ಪ್ರತಿ ಬೇಡ. ಹಾಗಂತ ಮಾತೇ ಆಡುವುದಿಲ್ಲ ಅಂತ ಬಾಗಿಲು ಹಾಕಬೇಡಿ. ವಿಚಾರಿಸುವುದು ತಪ್ಪಲ್ಲ, ಸಹಕರಿಸಬೇಕು ಅಂತ ಪಾಲಿಸಿಯ ಷರತ್ತಿನಲ್ಲೂ ಸಾಮಾನ್ಯವಾಗಿ ಇರುತ್ತದೆ.

ಈ ಬಿಪಿ ಎಲ್ಲಿಂದ ಬಂತು? ನನ್ನ ಅನುಮಾನ ಆಸ್ಪತ್ರೆಯ ಕೇಸ್ ಶೀಟಿನ ಮೇಲೆ. ಅಡ್ಮಿಟ್ ಮಾಡುವ ಗಡಿಬಿಡಿಯಲ್ಲಿ ಮನೆಯವರು ಯಾರೋ "ಏಳೆಂಟು ವರ್ಷದಿಂದ ಇರಬಹುದು" ಅಂದಿರುತ್ತಾರೆ, ಡ್ಯೂಟಿ ಡಾಕ್ಟರು ಹಾಗೇ ಬರೆದಿರುತ್ತಾರೆ. ಆ ಹಾಳೆಯ ಪ್ರತಿ ತರಿಸಿಕೊಳ್ಳಿ. 2018ರಲ್ಲಿ ಪಾಲಿಸಿ ಕೊಳ್ಳಲು ತುಂಬಿದ ಅರ್ಜಿಯ (ಪ್ರಪೋಸಲ್ ಫಾರಂ) ಪ್ರತಿಯನ್ನು ಕಂಪನಿಯಿಂದ ಕೇಳಿ. ಏಜೆಂಟರೇ ತುಂಬಿದ್ದರೂ ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಬೇಕು ಅಲ್ವಾ?

ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಬೇರೆಯೇ ಇದೆ. ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ತಂದ ನಿಯಮದ ಪ್ರಕಾರ, ಆರೋಗ್ಯ ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ "ರೋಗ ಹೇಳಿಲ್ಲ" ಅನ್ನುವ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು. ಮೊದಲು ಈ ಅವಧಿ 8 ವರ್ಷ ಇತ್ತು. ಹೆಚ್ಚಿಸಿದ 2 ಲಕ್ಷಕ್ಕೆ ಈ 60 ತಿಂಗಳ ಲೆಕ್ಕ 2023ರಿಂದ ಶುರು, ಅದು ನಿಜ. ಆದರೆ ನಿಮ್ಮ 2.30 ಲಕ್ಷ ಹಳೆಯ 3 ಲಕ್ಷದೊಳಗೇ ಇದೆ. ಇದನ್ನೇ ಇಮೇಲಿನಲ್ಲಿ ಬರೆಯಿರಿ. ಮರೆತದ್ದು ಬೇರೆ, ಬೇಕೆಂದೇ ಮುಚ್ಚಿಟ್ಟದ್ದು ಬೇರೆ. ವಂಚನೆ ಅಂದರೆ ಅದನ್ನು ತೋರಿಸಬೇಕಾದವರು ಅವರು. ಬಾಯಿಮಾತಿನ ಬೆದರಿಕೆಗೆ ಹೆದರಿ ಚೆಕ್ ಬರೆಯಬೇಡಿ. ನೀವಾಗಿ ಕೊಡದಿದ್ದರೆ ವಸೂಲಿಗೆ ಅವರು ಕೋರ್ಟಿಗೇ ಹೋಗಬೇಕು.

ಪಾಲಿಸಿ ರದ್ದು ಮಾಡಿದರೆ ಅಥವಾ ಹಣ ಕೇಳಿ ಪತ್ರ ಬಂದರೆ, ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸರಿಯಿಲ್ಲ ಅನಿಸಿದರೆ, ಒಂದು ವರ್ಷದೊಳಗೆ, ಇಂಥ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಗ್ರಾಹಕ ಆಯೋಗದಲ್ಲಿ ಇದೇ ವಿಷಯಕ್ಕೆ ಕೇಸ್ ಹಾಕಿದ್ದರೆ ಮಾತ್ರ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಎಲ್ಲಿಗೆ ಅಂತ ಮೊದಲೇ ತೀರ್ಮಾನಿಸಿ.

ಈ ನಡುವೆ ರಿನ್ಯೂವಲ್ ತಾರೀಖು ಬಂದರೆ ಪ್ರೀಮಿಯಂ ಕಟ್ಟಿಬಿಡಿ. ಜಗಳ ಇದೆ ಅಂತ ಪಾಲಿಸಿ ಬಿಟ್ಟರೆ ಏಳೆಂಟು ವರ್ಷದ ಲೆಕ್ಕವೂ ಹೋಗುತ್ತದೆ.

— ಸಂಪಾದಕ