ಕೋಯಾಸಾನ್‌ನ ದೇವಾಲಯದಲ್ಲಿ ಉಳಿಯುವ ಬಗ್ಗೆ

ಜಪಾನಿನ ಬೆಟ್ಟದ ಮೇಲಿನ ಬೌದ್ಧ ಕ್ಷೇತ್ರವಾದ ಕೋಯಾಸಾನ್‌ನಲ್ಲಿ ಬೌದ್ಧರಲ್ಲದವರು ದೇವಾಲಯದಲ್ಲೇ ತಂಗಿದರೆ ಮುಜುಗರ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಅಲ್ಲಿ ಸುಮಾರು 50 ದೇವಾಲಯಗಳು ಅತಿಥಿಗಳಿಗೆ ಕೋಣೆ ಕೊಡುತ್ತವೆ, ನನ್ನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬೆಳಗಿನ ಜಾವದ ಪ್ರಾರ್ಥನೆ. ಮಂತ್ರದ ಒಂದು ಪದವೂ ತಿಳಿಯಲಿಲ್ಲ. ಸುಮ್ನೆ ಕೂತಿದ್ದೆ. ಭಿಕ್ಷುಗಳ ದನಿ, ಧೂಪದ ವಾಸನೆ, ಅಷ್ಟೇ ಸಾಕಾಗಿತ್ತು. ಚಳಿ ಮಾತ್ರ ಜೋರು, ದಪ್ಪ ಕಾಲುಚೀಲ ಇರಲಿ!

ಊಟಕ್ಕೆ ಮಾಂಸ, ಮೀನು ಇಲ್ಲ. ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹಾಸಿಗೆ ಚಾಪೆಯ ನೆಲದ ಮೇಲೆ. ಸಂಜೆ ಆರರ ಹೊತ್ತಿಗೆಲ್ಲ ಬಡಿಸಿಬಿಡುತ್ತಾರೆ, ಅದಕ್ಕೆ ಮೊದಲೇ ತಲುಪಿ. ಅಲ್ಲಿನ ಓಕುನೊಇನ್ ಸ್ಮಶಾನದ 2 ಕಿ.ಮೀ. ದಾರಿಯಲ್ಲಿ ನಡೆಯುವುದನ್ನು ಮರೆಯಬೇಡಿ. ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳಿದ್ದರೂ ನನಗೆ ಭಯ ಅನಿಸಲಿಲ್ಲ.