ರಜೆಗೆ ಬಂದ ಹುಡುಗ, ಹೊಸ ಬೈಕ್ ಮತ್ತು ಬಾರದ ನಿದ್ದೆ

ಮಿಲಿಟರಿಯಿಂದ ರಜೆಗೆ ಬಂದ ಹುಡುಗರ ಮನೆಯವರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಹೇಳಿಕೊಳ್ಳುವುದು ಹೆಚ್ಚು ಕಡಿಮೆ ಒಂದೇ ಮಾತು. "ಗಡೀಲಿ ಇದ್ದಾಗ ಇಷ್ಟು ಹೆದರಿರಲಿಲ್ಲ ಮೇಡಂ. ಇಲ್ಲಿ ಬೈಕ್ ಹತ್ತಿದ ಅಂದ್ರೆ ವಾಪಸ್ ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀವಿ." ಬೇರೆ ಬೇರೆ ಮನೆಯವರಿಂದ ಇದನ್ನೇ ಕೇಳಿದ ಮೇಲೆ ಒಂದು ಪ್ರಕರಣವನ್ನಾದರೂ ಬರೆಯಬೇಕು ಅನಿಸಿತು. ಹುಡುಗನ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಅವನನ್ನು ಮಂಜು ಅನ್ನೋಣ. ವಯಸ್ಸು 24. ಸೇನೆಯಲ್ಲಿ ಡ್ರೈವರ್. ಲಡಾಖ್‌ನಲ್ಲಿ ಟ್ರಕ್ ಓಡಿಸಿ ಬಂದವನು. ಮನೆ ಯಲಹಂಕದ ಕಡೆ. ಕೂಡಿಟ್ಟ ಸಂಬಳದಲ್ಲಿ ದೊಡ್ಡ ಬೈಕ್ ಕೊಂಡಿದ್ದ. ರಾತ್ರಿ ಹನ್ನೊಂದು ದಾಟಿದ ಮೇಲೆ ಬಳ್ಳಾರಿ ರಸ್ತೆಗೆ ಇಳಿದು, ಸಾದಹಳ್ಳಿ ಟೋಲ್‌ವರೆಗೆ 120ರಲ್ಲಿ ಹೋಗಿ ತಿರುಗಿಸಿಕೊಂಡು ಬರುತ್ತಿದ್ದ. ಒಮ್ಮೆ ರಸ್ತೆ ಬದಿಯ ಮರಳಿನ ಮೇಲೆ ಜಾರಿ ಬಿದ್ದು ಮೊಣಕೈ ತರಚಿಕೊಂಡು ಬಂದ. ಗಾಯ ಒಣಗುವ ಮೊದಲೇ ಮತ್ತೆ ಶುರು. ಅಕ್ಕ ಬಲವಂತ ಮಾಡಿ ಕರೆತಂದರು. "ಬೈಕ್ ಮಾರೋಕೆ ಹೇಳಿ ಮೇಡಂ. ನೀವು ಹೇಳಿದ್ರೆ ಕೇಳ್ತಾನೆ."

ನಾನು ಹೇಳಲಿಲ್ಲ. ಅಕ್ಕನಿಗೆ ಸಿಟ್ಟು ಬಂತು. ಯಾಕೆ ಹೇಳಲಿಲ್ಲ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಅವನು ನೆಟ್ಟಗೆ ಕೂತು, ಕೇಳಿದ್ದಕ್ಕೆಲ್ಲ "ಹೌದು ಮೇಡಂ" ಅಂದ, ಅಷ್ಟೇ. ಅಪಾಯ ಗೊತ್ತಿಲ್ಲದವನಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ ಸುಮಾರು 75,000 ಜನ ದ್ವಿಚಕ್ರ ವಾಹನದವರು. ಇಂಥ ಲೆಕ್ಕ ಅವನು ಯೂನಿಟ್‌ನಲ್ಲೇ ಬೇಕಾದಷ್ಟು ಕೇಳಿದ್ದ. ಸಾವಿನ ಮಾತು ಹೇಳಿ ಹೆದರಿಸುವುದು ಇಂಥ ಹುಡುಗರ ಹತ್ತಿರ ನಡೆಯುವುದಿಲ್ಲ. ಆ ಹೆದರಿಕೆಯನ್ನು ಪಕ್ಕಕ್ಕಿಟ್ಟು ಕೆಲಸ ಮಾಡು ಅಂತಲೇ ಅವರನ್ನು ತಯಾರು ಮಾಡಿರುತ್ತಾರೆ.

ಮುಂದಿನ ಸಲ ನಾನು ಬೈಕಿನ ಸುದ್ದಿಯನ್ನೇ ಎತ್ತಲಿಲ್ಲ. ಟ್ರಕ್ ಬಗ್ಗೆ ಕೇಳಿದೆ.

"ಅಲ್ಲಿ ಗಾಡಿ ತೆಗೆಯೋಕೆ ಮುಂಚೆ ಏನೇನು ನೋಡ್ತೀರಾ?"

ಅವನು ಮೊದಲ ಸಲ ಬಾಯಿಬಿಟ್ಟು ಮಾತಾಡಿದ. ಟೈರ್, ಬ್ರೇಕ್, ಆಯಿಲ್, ಲೈಟು. ಹಿಮ ಇದ್ದರೆ ಚಕ್ರಕ್ಕೆ ಚೈನ್. ಮುಂದಿನ ಗಾಡಿಗೆ ಎಷ್ಟು ಅಂತರ ಬಿಡಬೇಕು, ಇಳಿಜಾರಿನಲ್ಲಿ ಯಾವ ಗೇರ್, ರಾತ್ರಿ ನಿದ್ದೆ ಆಗಿಲ್ಲ ಅಂದರೆ ಯಾರಿಗೆ ಹೇಳಬೇಕು. ಎಲ್ಲ ಒಂದೇ ಉಸಿರಿನಲ್ಲಿ.

"ಅಲ್ಲಿ ಯಾವತ್ತಾದ್ರೂ ಸುಮ್ನೆ ಸ್ಪೀಡ್ ಹೋಗಿದ್ದೀರಾ?"

"ಇಲ್ಲ ಮೇಡಂ. ಹಿಂದೆ ಜನ ಕೂತಿರ್ತಾರೆ."

"ಇಲ್ಲಿ?"

"ಇಲ್ಲಿ ನಾನೊಬ್ನೇ ಅಲ್ವಾ."

ಈ ಜಾಗದಲ್ಲಿ ಅಮ್ಮನ ಕಣ್ಣೀರಿನ ಮಾತು ತೆಗೆಯುವುದು ಸುಲಭ. ಅದನ್ನು ಮನೆಯವರು ಆಗಲೇ ತೆಗೆದಿದ್ದರು. ಅವನು ತಲೆ ತಗ್ಗಿಸಿ ಹ್ಞೂಂ ಅಂದು, ರಾತ್ರಿ ಮತ್ತೆ ಕೀ ತೆಗೆದುಕೊಂಡು ಹೋಗಿದ್ದ. ನಾನು ಬೇರೆ ಕೇಳಿದೆ. "ಮನೆಗೆ ಬಂದ ಮೇಲೆ ಏನು ಮಾಡ್ತೀರಾ?"

"ಮಲಗ್ತೀನಿ."

"ನಿದ್ದೆ ಬರುತ್ತಾ?"

"ಓಡಿಸಿ ಬಂದ್ರೆ ಬರುತ್ತೆ ಮೇಡಂ. ಓಡಿಸಿಲ್ಲ ಅಂದ್ರೆ ಬೆಳಗಿನ ಜಾವದವರೆಗೂ ಫ್ಯಾನ್ ನೋಡ್ಕೊಂಡು ಬಿದ್ದಿರ್ತೀನಿ."

ಆಮೇಲೆ ಒಂದೊಂದೇ ಹೊರಗೆ ಬಂತು. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಬೀಳುತ್ತಾನೆ. ಯಲಹಂಕ ಸಂತೆಯಲ್ಲಿ ಅಮ್ಮನ ಜೊತೆ ಐದು ನಿಮಿಷ ನಿಲ್ಲಲಾರ. ಮಾತು ಮಾತಿಗೂ ರೇಗುತ್ತಾನೆ. 120 ದಾಟಿದಾಗ ಮಾತ್ರ ತಲೆಯಲ್ಲಿ ಏನೂ ಇರುವುದಿಲ್ಲವಂತೆ. ವೇಗವನ್ನು ಅವನು ನಿದ್ದೆ ಮಾತ್ರೆಯ ಹಾಗೆ ಬಳಸುತ್ತಿದ್ದ.

ತಿಂಗಳುಗಟ್ಟಲೆ ಎಚ್ಚರದಲ್ಲಿದ್ದ ಮೈ, ರಜೆ ಮಂಜೂರಾದ ತಕ್ಷಣ ಸಡಿಲ ಆಗುವುದಿಲ್ಲ. 1991ರ ಕೊಲ್ಲಿ ಯುದ್ಧ ಮುಗಿಸಿ ಹೋದ ಅಮೆರಿಕದ ಸೈನಿಕರ ಬಗ್ಗೆ ಅಲ್ಲಿನವರು ಅಧ್ಯಯನ ಮಾಡಿದ್ದಾರೆ. ಮನೆಗೆ ಮರಳಿದ ಮೊದಲ ಕೆಲವು ವರ್ಷ ವಾಹನ ಅಪಘಾತದಲ್ಲಿ ಸತ್ತವರ ಪ್ರಮಾಣ, ಆ ಯುದ್ಧಕ್ಕೆ ಹೋಗದ ಸೈನಿಕರಿಗಿಂತ ಅವರಲ್ಲಿ ಜಾಸ್ತಿ ಇತ್ತು. ಮಂಜು ಯುದ್ಧ ನೋಡಿದವನಲ್ಲ. ಆದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ ಇರುವ ರಸ್ತೆಯಲ್ಲಿ ಜನರನ್ನು ಕೂರಿಸಿಕೊಂಡು ದಿನಾ ಗಾಡಿ ಓಡಿಸುವುದೂ ಕಡಿಮೆ ಎಚ್ಚರ ಬೇಡುವ ಕೆಲಸವಲ್ಲ.

ಈಗ ಬೈಕ್ ಮಾರಿಸಿದರೆ ಏನಾಗುತ್ತದೆ? ನಿದ್ದೆ ಬಾರದ ರಾತ್ರಿ ಹಾಗೇ ಉಳಿಯುತ್ತದೆ. ಬೈಕ್ ಕಿತ್ತುಕೊಂಡ ಮನೆಗಳಲ್ಲಿ ಹುಡುಗ ರಮ್ ಬಾಟಲಿಗೆ ಹೋದದ್ದನ್ನು ನೋಡಿದ್ದೇನೆ. ಬ್ರೇಕ್ ಹೇಗಿದೆ ಅಂತಲೂ ಗೊತ್ತಿಲ್ಲದ ಸ್ನೇಹಿತನ ಬೈಕ್ ತೆಗೆದುಕೊಂಡು ಹೋದದ್ದನ್ನೂ ನೋಡಿದ್ದೇನೆ. ಅದಕ್ಕೇ ನಾನು ನಿದ್ದೆಯಿಂದ ಶುರು ಮಾಡಿದೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ರಜೆ ಅಂತ ಬಿಟ್ಟಿದ್ದ ಓಟ ಮತ್ತೆ ಶುರು ಮಾಡಬೇಕು. ನಿದ್ದೆಗೆ ಅಂತ ಕುಡಿಯಬಾರದು. ಎರಡು ವಾರದಲ್ಲಿ ಸರಿಹೋಗದಿದ್ದರೆ ಡಾಕ್ಟರ್.

ಡಾಕ್ಟರ್ ಅಂದ ಕೂಡಲೇ ಮುಖ ಬಿಗಿಯಿತು. "ಮೆಡಿಕಲ್ ಕ್ಯಾಟಗರಿ ಇಳಿಸಿಬಿಡ್ತಾರೆ ಮೇಡಂ." ಯಾರು ಯಾವ ಕೆಲಸಕ್ಕೆ ಫಿಟ್ ಅಂತ ಸೇನೆ ಕೊಡುವ ಆರೋಗ್ಯದ ದರ್ಜೆ ಅದು. ಈ ಭಯ ಸುಳ್ಳಲ್ಲ. ಅದನ್ನು ನಾನು ತೆಗೆದುಹಾಕಲಾರೆ. ತೊಡೆ ಮೂಳೆ ಮುರಿದರೂ ಕ್ಯಾಟಗರಿ ಇಳಿಯುತ್ತದೆ ಅಂತ ಮಾತ್ರ ಹೇಳಿದೆ. ಮೊದಲು ಫೋನಿನಲ್ಲಿ ಮಾತಾಡುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸೈನಿಕರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅದರ ಬೇರೆ ವಿಭಾಗ ಶುರುವಾಗಿದೆ.

ಬೈಕ್‌ಗೆ ಟ್ರಕ್‌ನ ನಿಯಮವನ್ನೇ ಹಾಕಿದೆವು. ನಿಯಮ ಬರೆದವನು ಅವನೇ. ಹೊರಡುವ ಮುಂಚೆ ಟೈರ್, ಬ್ರೇಕ್, ಲೈಟು ನೋಡುವುದು. ಹೊರಟ ಹೊತ್ತು, ಬಂದ ಹೊತ್ತು, ಎಷ್ಟು ಕಿಲೋಮೀಟರ್, ಯಾಕೆ ಹೋದೆ ಅಂತ ಒಂದು ಪುಸ್ತಕದಲ್ಲಿ ಬರೆದು ಟಿವಿ ಪಕ್ಕ ಇಡುವುದು. ರಾತ್ರಿ ಹತ್ತರ ಮೇಲೆ ಇಲ್ಲ, ನಿದ್ದೆಗೆಟ್ಟ ದಿನ ಇಲ್ಲ. ಯೂನಿಟ್ ಗೇಟಿನಲ್ಲಿ ಸರಿಯಾದ ಹೆಲ್ಮೆಟ್ ಹಾಕುವ ಹುಡುಗ ಊರಲ್ಲಿ ಅರ್ಧ ಹೆಲ್ಮೆಟ್ ಹಾಕುತ್ತಿದ್ದ. ಅದು ಹೋಗಿ, ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬಂತು. ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. "ಎಬಿಎಸ್ ಇದೆ ಮೇಡಂ" ಅಂದ. ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ ಅದು. ಮರಳಿನ ಮೇಲೆ ಟೈರಿಗೇ ಹಿಡಿತ ಇಲ್ಲದಾಗ ಎಬಿಎಸ್ ಏನು ಮಾಡೀತು? 120ರಲ್ಲಿ ಒಂದು ಸೆಕೆಂಡಿಗೆ ಗಾಡಿ 33 ಮೀಟರ್ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಟ್ರಕ್ ಡ್ರೈವರ್‌ಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

"ಬೈಕ್ ಬಿಡಿಸದೆ ಇದೆಂಥ ಸಲಹೆ?" ಅಂತ ಅಕ್ಕ ಕೇಳಿದರು. ಅವರ ಜಾಗದಲ್ಲಿ ಯಾರೇ ಇದ್ದರೂ ಕೇಳುತ್ತಾರೆ. ಕುಡಿದು ಓಡಿಸುತ್ತಿದ್ದರೆ, ಇಲ್ಲವೇ ಬದುಕೇ ಬೇಡ ಅನಿಸುತ್ತಿದ್ದರೆ, ಅವತ್ತೇ ಕೀ ತೆಗೆದಿಡಿಸುತ್ತಿದ್ದೆ. ಇವೆರಡನ್ನೂ ಸುತ್ತಿ ಬಳಸದೆ ನೇರವಾಗಿ ಕೇಳಿದ್ದೆ. ಇಲ್ಲ ಅಂದಿದ್ದ. ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿದೆ. ಮನೆಯವರೂ ಇದನ್ನು ಕೇಳಲು ಅಂಜಬಾರದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು.

ನಿದ್ದೆ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ರಜೆ ಮುಗಿಯುವ ಮುಂಚೆ ಒಂದು ರಾತ್ರಿ ಅವನು ನಿಯಮ ಮುರಿದು ಹೋದ. ಬಂದು ಪುಸ್ತಕದಲ್ಲಿ ಬರೆದೂ ಇಟ್ಟ. ಕಾರಣದ ಜಾಗದಲ್ಲಿ "ನಿದ್ದೆ ಇಲ್ಲ" ಅಂತಿತ್ತು. ಅಕ್ಕ ಅದನ್ನು ಓದಿ ನನಗೆ ಫೋನ್ ಮಾಡಿದರು. ಈ ಸಲ ಬೈಕ್ ಮಾರುವ ಮಾತೇ ಎತ್ತಲಿಲ್ಲ. ಡಾಕ್ಟರ್ ಹತ್ತಿರ ಯಾವಾಗ ಕರ್ಕೊಂಡು ಹೋಗ್ಲಿ ಅಂತ ಕೇಳಿದರು. ಅವನು ಒಪ್ಪಿದ್ದಾನಾ ಅಂದೆ. ಒಪ್ಪಿದ್ದ. ನಾಳೆಯೇ ಹೋಗಿ ಅಂದೆ, ಹೋದರು.