ಅಮೆರಿಕದ ಪಶುವೈದ್ಯರ ರಾಷ್ಟ್ರೀಯ ಸಂಘ ಹುಟ್ಟಿದ್ದು ಯಾವಾಗ, ಹೇಗೆ?

1863ರ ಜೂನ್‌ನಲ್ಲಿ, ಅಂತರ್ಯುದ್ಧದ ನಡುವೆ. ನ್ಯೂಯಾರ್ಕಿನ ಆಸ್ಟರ್ ಹೌಸ್ ಹೋಟೆಲಿನಲ್ಲಿ ಏಳು ರಾಜ್ಯಗಳ ಸುಮಾರು 40 ಮಂದಿ ಸೇರಿ ಕಟ್ಟಿದ ಸಂಘ ಅದು. ಜೋಸಾಯಾ ಸ್ಟಿಕ್ನಿ ಮೊದಲ ಅಧ್ಯಕ್ಷರಾದರು. ಆಗ ಸೇನೆಯ ಕುದುರೆಗಳು ಮೂಗಿನಿಂದ ಅಂಟಂಟಾದ ಕೀವು ಸುರಿಸುತ್ತ, ಗ್ಲ್ಯಾಂಡರ್ಸ್ ರೋಗದಿಂದ ಸಾಯುತ್ತಿದ್ದವು. ಓದಿ ಕಲಿತ ಪಶುವೈದ್ಯರು ಬೆರಳೆಣಿಕೆಯಷ್ಟು, ಕೈಗೆ ಬಂದ ಔಷಧ ಕೊಡುವವರೇ ಹೆಚ್ಚು. ಈ ವೃತ್ತಿಗೆ ವಿಜ್ಞಾನದ ತಳಹದಿ ಬೇಕೆಂಬ ಹಟ ಸಂಘ ಕಟ್ಟಿದವರದು.

1898ರಲ್ಲಿ ಸಂಘದ ಹೆಸರು ಅಮೆರಿಕನ್ ವೆಟರ್ನರಿ ಮೆಡಿಕಲ್ ಅಸೋಸಿಯೇಷನ್ ಆಯಿತು. ನನ್ನ ಮಟ್ಟಿಗೆ ಈ ಕಥೆಯ ಜೀವಾಳ ಫ್ರಾನ್ಸ್ ಮೂಲದ ಅಲೆಕ್ಸಾಂಡ್ರ್ ಲಿಯೋಟಾರ್. ಸ್ಥಾಪಕರಲ್ಲಿ ಒಬ್ಬರಾದ ಅವರು ದಶಕಗಳ ಕಾಲ ಸಂಪಾದಿಸಿದ ಪತ್ರಿಕೆಯೇ 1915ರಲ್ಲಿ ಸಂಘದ ಅಧಿಕೃತ ನಿಯತಕಾಲಿಕವಾಯಿತು; ಇಂದಿಗೂ ಪ್ರಕಟವಾಗುತ್ತಿದೆ.